ಗುಂಜೋಟಿಯ ಹಳೇ ಜೀಪು

ಕಲಬುರಗಿಯಿಂದ ಆಳಂದದ ಮಾರ್ಗವಾಗಿ ಉಮರ್ಗಾ ತಲುಪಿ, ಅಲ್ಲಿಂದ ಗುಂಜೋಟಿಗೆ ಹೋದರೆ ರಾಜ್ಯ ಬದಲಾದದ್ದು ಫಲಕದ ಅಕ್ಷರಗಳಿಂದಷ್ಟೇ ತಿಳಿಯುತ್ತದೆ. ಹೈದರಾಬಾದ್ ಸಂಸ್ಥಾನದಲ್ಲಿ ಒಂದಾಗಿದ್ದ ಈ ಸೀಮೆ 1956ರಲ್ಲಿ ಬೇರೆ ಬೇರೆ ರಾಜ್ಯಗಳಿಗೆ ಹಂಚಿಹೋಯಿತು. ಇಂದಿಗೂ ಗೆಳೆಯನ ಮನೆಯೊಳಗೆ ಕನ್ನಡ, ಸಂತೆಯಲ್ಲಿ ಮರಾಠಿ, ಮೆಕ್ಯಾನಿಕ್ಕನ ಹತ್ತಿರ ದಖನಿ. ಗೆಳೆಯನ ತಂದೆ, ನಮ್ಮ ಕಾಕಾ, ಮೂರರಲ್ಲೂ ಬೈಯಬಲ್ಲರು!

ಅವರದೊಂದು ಹಳೇ ಮಹೀಂದ್ರಾ ಜೀಪು. ಸ್ಟಿಯರಿಂಗಿಗೆ ಸುತ್ತಿ ಹೊಲಿಸಿದ್ದ ಚರ್ಮ ಕೈ ಹಿಡಿಯುವ ಕಡೆ ಸವೆದು ಗಾಜಿನಂತೆ ಹೊಳೆಯುತ್ತಿತ್ತು. ಇನ್ನಷ್ಟು ಹೊಳೆಯಲೆಂದು ಕಾಕಾ ತೆಂಗಿನೆಣ್ಣೆ ಬೇರೆ ಸವರುತ್ತಿದ್ದರು. ಹೋದ ಕಬ್ಬಿನ ಹಂಗಾಮಿನಲ್ಲಿ ತಿರುವಿನಲ್ಲಿ ಟ್ರ್ಯಾಕ್ಟರ್ ಎದುರಾದಾಗ ಕೈ ಜಾರಿ ಜೀಪು ಹೊಲದ ಬದುವಿಗೆ ಏರಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. "ಮಾರಿಬಿಡ್ರಿ" ಎಂದರು ಮಕ್ಕಳು.

ಕಾಕಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪ ಸುಮಾರು 10,000 ಜನರನ್ನು ಬಲಿ ತೆಗೆದುಕೊಂಡಾಗ, ಸಾಸ್ತೂರಿನಿಂದ ಗಾಯಾಳುಗಳನ್ನು ಹೊತ್ತು ತಂದದ್ದು ಇದೇ ಜೀಪು. ಕಲ್ಲು-ಮಣ್ಣಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೆಯೇ ಬಿದ್ದಿದ್ದವು. "ಆವತ್ತು ಹಿಡಿದದ್ದೂ ಇದೇ ಚರ್ಮಾನ" ಎಂದರು ಕಾಕಾ. ಹೆಚ್ಚು ಹೇಳಲಿಲ್ಲ.

ಉಮರ್ಗಾದಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ಬಂದು ಚಕ್ರವನ್ನು ಉಗುರಿನಿಂದ ಒತ್ತಿ ನೋಡಿದರು. "ಚರ್ಮ ಸತ್ತಿಲ್ರೀ, ದಾರ ಸತ್ತದ."

ಅವರ ಕೆಲಸ ನೋಡುತ್ತಾ ನಾನು ಅಲ್ಲಿಯೇ ಕುಳಿತೆ. ಕೊಳೆತ ದಾರ ಬಿಚ್ಚಿದರು. ಹಿಂಡಿದ ಬಟ್ಟೆಗೆ ಸೋಪು ಹಚ್ಚಿ ಒರೆಸಿದಾಗ ಬಟ್ಟೆ ಕರ್ರಗಾಯಿತು. ಹೊಳಪೆಂದು ನಾವು ತಿಳಿದದ್ದು ಬೆವರು, ಎಣ್ಣೆ, ಧೂಳು! ಆಮೇಲೆ ಸ್ಪಿರಿಟ್‌ನಿಂದ ಒರೆಸಿದರು. ಎಣ್ಣೆ ಉಳಿದರೆ ಬಣ್ಣ ಹಿಡಿಯುವುದಿಲ್ಲ. ಕಾಕಾ ಬಿಸಿಲಿಗಿಡಲು ಹೋದರೆ ತಡೆದರು. ಮರಾಠವಾಡದ ಬಿಸಿಲಿಗೆ ಒದ್ದೆ ಚರ್ಮ ಕುಗ್ಗಿ ಸೀಳುತ್ತದೆ, ಆದ್ದರಿಂದ ನೆರಳಿನಲ್ಲೇ ಒಣಗಬೇಕು. ಮೇಣ ಹಚ್ಚಿದ ನೈಲಾನ್ ದಾರಕ್ಕೆ ಎರಡು ಸೂಜಿ ಪೋಣಿಸಿ, ಹಳೇ ತೂತುಗಳಲ್ಲೇ ಬಿಗಿಯಾಗಿ ಹೊಲಿದರು. ಹೊಸ ತೂತು ಹಾಕಿದರೆ ಅಂಚು ಹರಿಯುತ್ತದಂತೆ. ನಯವಾದ ಮರಳುಕಾಗದದಿಂದ ಮೆಲ್ಲಗೆ ಉಜ್ಜಿ, ಬಿರುಕುಗಳಿಗೆ ಲೇಪ ತುಂಬಿ, ಬಣ್ಣವನ್ನು ಸ್ಪಂಜಿನಿಂದ ತೆಳ್ಳಗೆ ನಾಲ್ಕು ಸಲ, ಪ್ರತಿ ಸಲವೂ ಒಣಗಿಸಿ ಹಚ್ಚಿದರು. ದಪ್ಪಗೆ ಬಳಿದ ಬಣ್ಣ ಬೇಗ ಸುಲಿಯುತ್ತದೆ. ಈ ಕೆಲಸಕ್ಕೆ ಎರಡು ದಿನ ಬೇಕಾಯಿತು.

ಮೂರನೇ ದಿನ ಕಾಕಾ ನನ್ನನ್ನು ಉಮರ್ಗಾದವರೆಗೆ ಬಿಡಲು ಬಂದರು. ಚಕ್ರಕ್ಕೆ ಹೊಳಪಿರಲಿಲ್ಲ, ಹಿಡಿತವಿತ್ತು. ನಾವು ಹೊರಡುವ ಮುಂಚೆಯೇ ಕಾಕು ಜೀಪಿನೊಳಗಿದ್ದ ತೆಂಗಿನೆಣ್ಣೆಯ ಬಾಟಲಿಯನ್ನು ಎತ್ತಿಕೊಂಡು ಹೋಗಿ ಕನ್ನಡಿಯ ಹತ್ತಿರ ಇಟ್ಟಿದ್ದರು.