ಎಣಸ್ಲಿಕ್ಕ ಬರ್ತದಲ್ಲ

ಎಂ.ಎಸ್ಸಿ. ಮುಗಿಸಿದ ಹುಡುಗ ಧಾರವಾಡದಲ್ಲಿ ಮನೆ ಹಿಡಿದು ಕೂತಿದ್ದಾನೆಂದರೆ ಓಣಿಯವರು ಎರಡೇ ಲೆಕ್ಕ ಹಾಕುತ್ತಾರೆ: ಒಂದೋ ಕೆಎಎಸ್‌ಗೆ ಓದುತ್ತಿದ್ದಾನೆ, ಇಲ್ಲಾ ನೆಟ್ ಪರೀಕ್ಷೆ ಕಟ್ಟಿದ್ದಾನೆ. ನಾನು ಕಸೂತಿ ಹಾಕುತ್ತಿದ್ದೆ. ಈಗ ನೌಕರಿ ಇದೆ, ಸಂಬಳವಿದೆ. ಸೂಜಿ ಮಾತ್ರ ಕೈಬಿಟ್ಟಿಲ್ಲ.

ಹದಿನೇಳು ವರ್ಷ ಸಿಲೆಬಸ್ಸು ಹೇಳಿದ್ದನ್ನೇ ಕಲಿತವನಿಗೆ, ಅಂಕವೇ ಇಲ್ಲದ ವಿದ್ಯೆ ಯಾವುದಾದರೂ ಬೇಕೆನಿಸಿತ್ತು. ಗಿಟಾರು ಆಗಬಹುದಿತ್ತು, ಚಾರಣ ಆಗಬಹುದಿತ್ತು. ಪಕ್ಕದ ಮನೆಯ ಕಾಕು ಕಟ್ಟೆಯ ಮೇಲೆ ಕೂತು ಇಳಕಲ್ ಸೀರೆಯ ಸೆರಗಿಗೆ ಆನೆ ಏರಿಸುತ್ತಿದ್ದರು. ಕಣ್ಣು ಅಲ್ಲಿ ನಿಂತಿತು. ಕಲಿಸುತ್ತೀರಾ ಎಂದು ಕೇಳಿದೆ. “ಗಣಿತಾ ಮುಗಿಸಿ ಸೂಜಿ ಹಿಡೀತೀ ಏನೋ ತಮ್ಮಾ?” ಎಂದು ನಕ್ಕರು. “ಛಲೋ ಆತು. ಎಣಸ್ಲಿಕ್ಕ ಬರ್ತದಲ್ಲ, ಅಷ್ಟ ಸಾಕು.”

ಅಷ್ಟೇ ಸಾಕು ಎಂಬುದು ನಿಜ. ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಎಳೆಯುವುದಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತಾ ಹೋಗುವುದು. ಎಳೆ ಎಣಿಸಿ ಹಾಕುವ ಕೆಲಸವಾದ್ದರಿಂದ ಗೆರೆ ಅಡ್ಡ, ಉದ್ದ, ಓರೆ ಹೀಗೆ ಮಾತ್ರ ಸಾಗಬಲ್ಲದು, ಬಳುಕಲಾರದು. ನವಿಲಿನ ಕೊರಳು, ಆನೆಯ ಹೊಟ್ಟೆ, ತೊಟ್ಟಿಲ ಬಾಗು ಎಲ್ಲವೂ ಮೆಟ್ಟಿಲು ಮೆಟ್ಟಿಲಾಗಿಯೇ ತಿರುಗಬೇಕು. ಒಂದು ಎಳೆ ತಪ್ಪಿ ಎಣಿಸಿದರೆ ಅಂಬಾರಿ ಆನೆಯ ಬೆನ್ನಿಗೆ ಕೂಡುವುದೇ ಇಲ್ಲ. ಆಗ ಬಿಚ್ಚಬೇಕು, ಬೇರೆ ಉಪಾಯವಿಲ್ಲ.

ಹೊಲಿಗೆ ನಾಲ್ಕು ಬಗೆ: ಗವಂತಿ, ಮುರ್ಗಿ, ನೇಯ್ಗಿ, ಮೆಂತ್ಯೆ. ಮೆಂತ್ಯೆ ಎಂದರೆ ಕತ್ತರಿಯಾಕಾರದ ತುಂಬು ಹೊಲಿಗೆ, ದಾರ ಬಹಳ ತಿನ್ನುತ್ತದೆ, ನನಗಷ್ಟು ರುಚಿಸಿಲ್ಲ. ನೇಯ್ಗಿಯನ್ನು ದೂರದಿಂದ ನೋಡಿದರೆ ಮಗ್ಗದಲ್ಲೇ ನೇಯ್ದು ಬಂದದ್ದು ಅನ್ನಬೇಕು. ಮುರ್ಗಿ ಮೆಟ್ಟಿಲು ಹತ್ತಿಳಿಯುತ್ತದೆ. ನನ್ನ ಜೀವವಿರುವುದು ಗವಂತಿಯಲ್ಲಿ. ಸೂಜಿ ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ ಹಾಕುತ್ತಾ ಚಿತ್ರದ ತುದಿಯವರೆಗೆ ಹೋಗುತ್ತದೆ. ಮರಳಿ ಬರುವಾಗ ಬಿಟ್ಟ ಸಂದುಗಳನ್ನೆಲ್ಲ ತುಂಬುತ್ತಾ ಬರುತ್ತದೆ. ಗಂಟು ಹಾಕುವಂತಿಲ್ಲ. ದಾರದ ತುದಿಯನ್ನು ಹೊಲಿಗೆಯ ಅಡಿಯಲ್ಲೇ ಅಡಗಿಸಬೇಕು. ಕೊನೆಗೆ ಬಟ್ಟೆಯ ಮುಂದೆ ಹೇಗೋ ಹಿಂದೆಯೂ ಹಾಗೆ. ಕಾಕು ನನ್ನ ಕೆಲಸವನ್ನು ಎಂದೂ ಮುಂದಿನಿಂದ ನೋಡಿದವರಲ್ಲ. ಕೈಗೆ ತೆಗೆದುಕೊಂಡವರೇ ಮೊದಲು ತಿರುವಿ ಹಾಕುತ್ತಾರೆ. ಅಂಕವಿಲ್ಲದ ವಿದ್ಯೆ ಬೇಕೆಂದವನಿಗೆ ಇಂಥ ಪರೀಕ್ಷಕರು ಗಂಟುಬಿದ್ದರು.

ಕವಲು ಬಂದಾಗ ಮಾತ್ರ ತಲೆ ಓಡಿಸಬೇಕು. ಗೋಪುರದ ಕಳಸಕ್ಕೆ ಹೋಗುವ ಮುನ್ನ ಬಲಗಡೆಯ ಕೊಂಬೆಯನ್ನು ಮುಟ್ಟಿ ಬರುವುದೋ, ಇಳಿಯುವಾಗ ನೋಡಿಕೊಳ್ಳುವುದೋ? ಹೀಗೆ ಒಂದು ಸಂಜೆ ಸೂಜಿ ಹಿಡಿದು ಯೋಚಿಸುತ್ತಿದ್ದಾಗ ಆಯ್ಲರ್ ನೆನಪಾದ. ಕ್ಯೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಊರು ಸುತ್ತಲಾಗದು ಎಂದು 1736ರಲ್ಲಿ ಬರೆದವನು. ಆ ಊರಿನ ನಾಲ್ಕೂ ನೆಲಗಳಿಗೆ ಸೇರುವ ಸೇತುವೆಗಳ ಸಂಖ್ಯೆ ಬೆಸವಾಗಿತ್ತು, ಅದೇ ತೊಡಕು. ಗವಂತಿಯಲ್ಲಿ ಪ್ರತಿ ಗೆರೆಯನ್ನೂ ಎರಡು ಸಲ ನಡೆಯುತ್ತೇವೆ, ಬಟ್ಟೆಯ ಮೇಲೊಮ್ಮೆ, ಕೆಳಗೊಮ್ಮೆ. ಎಂದಮೇಲೆ ಯಾವ ಕೂಡುಬಿಂದುವಿನಲ್ಲೂ ಲೆಕ್ಕ ಸಮವೇ. ತುಂಡಾಗದ ಚಿತ್ರ ಎಷ್ಟೇ ಜಟಿಲವಾಗಿರಲಿ, ಹೊರಟಲ್ಲಿಗೇ ಮರಳಬಹುದು! ತರಗತಿಯಲ್ಲಿ ಹತ್ತು ಅಂಕಕ್ಕೆ ಬರೆದ ಪ್ರಮೇಯ ಬೆರಳ ತುದಿಗೆ ಬಂದಿತ್ತು. ಓಡಿಹೋಗಿ ಕಾಕುಗೆ ವಿವರಿಸಿದೆ. “ಹೌದು, ಹೋದ ದಾರೀಲೇ ಬರಬೇಕು. ಇದಕ್ಕ ಪುಸ್ತಕಾ ಬ್ಯಾರೆ ಬರದಾನೇನು?” ಎಂದರು.

ಕಲಿಯುವವರಿಗೆ ಎಳೆ ದಪ್ಪಗೆ ಕಾಣುವ ಮ್ಯಾಟಿ ಬಟ್ಟೆ ಒಳ್ಳೆಯದು. ರೇಷ್ಮೆಯ ಎಳೆ ಕಣ್ಣಿಗೆ ಸಿಗದು. ಅದರ ಮೇಲೆ ಜಾಳಿಯಂಥ ಬಟ್ಟೆ ಇಟ್ಟು ಟಾಕಿ, ಎರಡನ್ನೂ ಸೇರಿಸಿ ಕಸೂತಿ ಹಾಕಿ, ಮುಗಿದ ಮೇಲೆ ಜಾಳಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಇಡೀ ಕೆಲಸದಲ್ಲಿ ನನಗೆ ಬಾಯಿ ನೀರೂರಿಸುವ ಘಳಿಗೆ ಇದೇ. ಎಳೆ ಸರ್ರನೆ ಜಾರಿ ಹೊರಬರುತ್ತದೆ, ತುಳಸಿಕಟ್ಟೆ ರೇಷ್ಮೆಗೆ ಮೆತ್ತಗೆ ಅಂಟಿಕೊಳ್ಳುತ್ತದೆ. ಈ ಕೆಲಸವನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ, ತಂಗಿಗೂ. ಇನ್ನು ಕರಿ ಚಂದ್ರಕಾಳಿ ಸೀರೆ. ಮದುವಣಗಿತ್ತಿಗೆ ಕೊಡುತ್ತಿದ್ದ ಈ ಸೀರೆಗೆ ಕಸೂತಿ ಹಾಕಿದ ಹಿರಿಯರ ಕಣ್ಣುಗಳಿಗೆ ಕೈಮುಗಿಯಬೇಕು. ಆ ಕಪ್ಪಿನಲ್ಲಿ ಹಗಲು ಹೊತ್ತಿನಲ್ಲೂ ಎಳೆ ಹುಡುಕುವುದು ಕಷ್ಟ.

ಗೆಳೆಯರು ಇನ್‌ಸ್ಟಾಗ್ರಾಮಿನಲ್ಲಿ ಪೇಜು ತೆರೆ, ಮಾರು ಎನ್ನುತ್ತಾರೆ. ಮನಸ್ಸಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಇದನ್ನೇ ನೆಚ್ಚಿ ಹೊಟ್ಟೆ ಹೊರೆಯುವ ಹೆಣ್ಣುಮಕ್ಕಳಿದ್ದಾರೆ. ಬೇಸರ ಬಂದಾಗ ಬಟ್ಟೆ ಮಡಚಿಡುವ ಸೌಕರ್ಯ ನನಗಿದೆ, ಅವರಿಗಿಲ್ಲ. ಯಂತ್ರದ ಕಸೂತಿಯೂ ಪೇಟೆಯಲ್ಲಿ ಅಗ್ಗವಾಗಿ ಸಿಗುತ್ತದೆ. ಕೊಳ್ಳುವ ಮುನ್ನ ಕಾಕುವಿನ ಹಾಗೆ ತಿರುವಿ ನೋಡಿ, ಹಿಂಬದಿಯೇ ಎಲ್ಲ ಹೇಳುತ್ತದೆ.

ಸದ್ಯ ತಂಗಿಯ ಸೀರೆಗೆ ತೇರು ಹಾಕುತ್ತಿದ್ದೇನೆ. ಬಳುಕಲಾರದ ಗೆರೆಯಲ್ಲಿ ಗಾಲಿಯನ್ನು ದುಂಡಗೆ ಮಾಡುವುದು ಹೇಗೆ ಎಂಬ ವಿಷಯದಲ್ಲಿ ನಮ್ಮಿಬ್ಬರಿಗೂ ವಾರದಿಂದ ಜಗಳ. ಎಂಟು ಮೂಲೆಯ ಗಾಲಿಯೇ ಪದ್ಧತಿ ಎಂದು ಕಾಕು. ಗ್ರಾಫ್ ಹಾಳೆಯಲ್ಲಿ ಹದಿನಾರು ಮೂಲೆಯದನ್ನು ಬಿಡಿಸಿಕೊಂಡು ಹೋಗಿ ನಾನು. ನಿನ್ನೆ ಅವರೇ ತೀರ್ಪು ಕೊಟ್ಟರು: “ಒಂದು ಗಾಲಿ ನಿನ್ನ ಹಂಗ ಹಾಕು, ಒಂದು ನನ್ನ ಹಂಗ ಹಾಕು. ಎಳಿಯೂ ಮಂದಿಗೆ ತ್ರಾಸ ಆಗ್ತದ, ನಮಗೇನು!”