ಆರು ಬೀಳದ ದಾಳ

ಸನತ್‌ನಗರದ ನಮ್ಮ ಬಾಡಿಗೆ ಮನೆಯಲ್ಲಿ ಭಾನುವಾರ ಮಧ್ಯಾಹ್ನವೆಂದರೆ ಊಟ, ಎಲೆಯಡಿಕೆ, ಆಮೇಲೆ ಲೂಡೋ. ಒಂದು ಭಾನುವಾರ ನಮ್ಮ ಪುಟ್ಟಿ ಹತ್ತು ಸಲ ದಾಳ ಉರುಳಿಸಿದರೂ ಆರು ಬೀಳಲಿಲ್ಲ. ಕಾಯಿಗಳು ಮನೆ ಬಿಟ್ಟು ಕದಲಲಿಲ್ಲ. ಮಗುವಿನ ಕಣ್ಣಲ್ಲಿ ನೀರು.

"ಹತ್ತು ಸಲ ಹೋಯ್ತಲ್ಲ, ಇನ್ನು ಬೀಳದೆ ಎಲ್ಲಿ ಹೋಗ್ತದೆ?" ಎಂದು ನಮ್ಮ ತಾಯಿ ಸಮಾಧಾನ ಹೇಳಿದರು. ನಾನೂ ತಲೆಯಾಡಿಸಿದೆ. ಅದಕ್ಕೆ ನನ್ನದೇ ಕಾರಣವಿತ್ತು. ಇಲಾಖೆಯ ಪರೀಕ್ಷೆಗೆ ಮೂರು ಸಲ ಕೂತು ಮೂರು ಸಲವೂ ನಪಾಸಾಗಿದ್ದೆ. ನಾಲ್ಕನೆಯ ಸಲ ಆಗೇ ಆಗುತ್ತದೆಂದು ನಂಬಿ ಪುಸ್ತಕ ಮುಚ್ಚಿಟ್ಟಿದ್ದೆ.

ಸಂಖ್ಯಾಶಾಸ್ತ್ರ ಓದುವ ನನ್ನ ಸೋದರಳಿಯ ನಕ್ಕ. "ಮಾವ, ದಾಳಕ್ಕೆ ನೆನಪೆಂಬುದಿಲ್ಲ. ಹನ್ನೊಂದನೆಯ ಸಲವೂ ಆರರಲ್ಲಿ ಒಂದೇ ಪಾಲು."

ಅಮ್ಮ ಒಪ್ಪಲಿಲ್ಲ. ಆಗ ಅವನು, "ಅಜ್ಜೀ, ನಿಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾಯರು ಈ ಶಾಸ್ತ್ರದಲ್ಲಿ ಲೋಕಪ್ರಸಿದ್ಧರು. ಅವರ ಹೆಸರಿನ ಸಂಸ್ಥೆ ಇದೇ ಹೈದರಾಬಾದಿನಲ್ಲಿದೆ" ಎಂದ. ತವರಿನ ಹೆಸರು ಕೇಳಿದ್ದೇ ಅಮ್ಮ ಕಿವಿಗೊಟ್ಟರು.

ಅವನು ಹೇಳಿದ್ದು ಇಷ್ಟು. ಮೊದಲ ಎಸೆತದಲ್ಲೇ ಆರು ಬೀಳುವ ಸಂಭವ ಆರರಲ್ಲಿ ಒಂದು. ಮೊದಲು ತಪ್ಪಿ ಎರಡನೆಯದರಲ್ಲಿ ಬೀಳುವುದು ಅದರ ಆರರಲ್ಲಿ ಐದು ಪಾಲು. ಮೂರನೆಯದು ಇದರ ಆರರಲ್ಲಿ ಐದು ಪಾಲು. ಹೀಗೆ ಗುಣೋತ್ತರ ಶ್ರೇಢಿಯಲ್ಲಿ ಇಳಿಯುವುದರಿಂದ ಇದಕ್ಕೆ ಗುಣೋತ್ತರ ವಿತರಣೆಯೆಂದು ಹೆಸರು. ಸರಾಸರಿ ಆರು ಎಸೆತ ಕಾಯಬೇಕು.

ಲೆಕ್ಕಕ್ಕೆ ಕಂಪ್ಯೂಟರಿನಲ್ಲಿ 'ಆರ್' ಎಂಬ ತಂತ್ರಾಂಶ ತೆರೆದ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿ 1990ರ ದಶಕದಲ್ಲಿ ಇಬ್ಬರು ಅಧ್ಯಾಪಕರು ಹುಟ್ಟುಹಾಕಿದ್ದಂತೆ, ಕಾಸು ಕೊಡಬೇಕಿಲ್ಲ. ಮೂರನೆಯ ಎಸೆತದ ಸಂಭವ ತಿಳಿಯಲು ನಾನು 'ಡಿಜಿಯಾಮ್' ಎಂಬ ಆಜ್ಞೆಗೆ ಮೂರು ಎಂದು ಕೊಟ್ಟೆ. 0.0965 ಬಂತು. ಕಾಗದದಲ್ಲಿ ಗುಣಿಸಿದರೆ 0.1157!

"ಮಾವ, ಇದು ಎಸೆತ ಎಣಿಸುವುದಿಲ್ಲ, ಗೆಲುವಿಗೆ ಮುಂಚಿನ ಸೋಲುಗಳನ್ನು ಎಣಿಸುತ್ತದೆ. ಮೂರನೆಯ ಎಸೆತವೆಂದರೆ ಎರಡು ಸೋಲು. ಎರಡು ಎಂದು ಕೊಡಿ." ಕೊಟ್ಟೆ, ಸರಿಹೋಯಿತು. ಗೆದ್ದದ್ದು ಬಿಟ್ಟು ಸೋತದ್ದನ್ನೇ ಲೆಕ್ಕವಿಡುವವರು ನಮ್ಮ ಬಂಧುಬಳಗದಲ್ಲೂ ಉಂಟು!

'ಪಿಜಿಯಾಮ್' ಎಂಬ ಇನ್ನೊಂದು ಆಜ್ಞೆ ಸಂಭವಗಳನ್ನು ಕೂಡಿಸಿ ಹೇಳುತ್ತದೆ. ಅದಕ್ಕೆ ಒಂಬತ್ತು ಕೊಟ್ಟಾಗ 0.8385 ಬಂತು, ಹತ್ತು ಎಸೆತದೊಳಗೆ ಆರು ಬೀಳುವ ಸಂಭವ ಅದು. ಉಳಿದದ್ದು 0.1615. ಪುಟ್ಟಿಯಂತೆ ಹತ್ತು ಸಲವೂ ಬರಿಗೈಯಾಗುವವರು ನೂರರಲ್ಲಿ ಹದಿನಾರು ಮಂದಿ. ಯಾರ ಕೆಟ್ಟ ದೃಷ್ಟಿಯೂ ಅಲ್ಲ.

ರಾತ್ರಿ ಮಲಗಿದಾಗ ನನ್ನ ಪರೀಕ್ಷೆಯ ಯೋಚನೆ ಬಂತು. ದಾಳ ಯಾರಿಗೂ ಸಾಲ ತೀರಿಸಬೇಕಾಗಿಲ್ಲ, ಪರೀಕ್ಷೆಯೂ ಅಷ್ಟೆ. ಮರುದಿನ ಅಳಿಯನಿಗೆ ಹಾಗೆಂದೆ. ಅವನು ಗಂಭೀರನಾಗಿ, "ಮಾವ, ಪರೀಕ್ಷೆಗೆ ಈ ಲೆಕ್ಕ ಕೂಡದು. ದಾಳದ ಸಂಭವ ಎಸೆತ ಎಸೆತಕ್ಕೂ ಒಂದೇ. ನಿಮ್ಮದು ಓದಿದರೆ ಏರುತ್ತದೆ, ಓದದಿದ್ದರೆ ಇಳಿಯುತ್ತದೆ" ಎಂದ.

ಕಿರಿಯನ ಬಾಯಿಂದ ಹಿತವಚನ ಕೇಳಿ ಕೊಂಚ ನಾಚಿಕೆಯಾಯಿತು. ಪುಸ್ತಕ ಅಟ್ಟದಿಂದ ಇಳಿಯಿತು. ನಾಲ್ಕನೆಯ ಸಲ ಕೂತು ಬಂದಿದ್ದೇನೆ. ಫಲಿತಾಂಶ ಇನ್ನೂ ಬರಬೇಕು. ಪುಟ್ಟಿಗೆ ಮಾತ್ರ ಅಂದು ಹದಿನಾಲ್ಕನೆಯ ಸಲ ಆರು ಬಿತ್ತು. "ನಾನು ಹೇಳಲಿಲ್ಲವೇ?" ಎಂದರು ಅಮ್ಮ.