ಪಳಪಳ ಅನ್ನೋ ನೀರನ್ನ ನಂಬಬೇಡಿ

"ಮೇಡಂ, ನೀರು ಕನ್ನಡಿ ಥರ ಇದೆ ನೋಡಿ" ಅಂತ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್ ಹುಡುಗ ಜಕುಜಿ ತೋರಿಸಿದಾಗಲೆಲ್ಲ ನಾನು ಟೆಸ್ಟ್ ಸ್ಟ್ರಿಪ್ ತೆಗೆಯುತ್ತೇನೆ. ತಿಳಿಯಾದ ನೀರಲ್ಲೂ ಬ್ಯಾಕ್ಟೀರಿಯಾ ಇರಬಹುದು.

ಈ ಅಭ್ಯಾಸ ಶುರುವಾಗಿದ್ದು ಪಕ್ಕದ ಮನೆ ಪುಟ್ಟಿಯಿಂದ. ಜಕುಜಿಯಲ್ಲಿ ಆಡಿದ ಎರಡು ದಿನಕ್ಕೆ, ಈಜುಡುಗೆ ಮುಚ್ಚಿದ್ದ ಜಾಗದಲ್ಲೇ ಅವಳಿಗೆ ತುರಿಸುವ ಕೆಂಪು ಗುಳ್ಳೆಗಳೆದ್ದವು. ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ ಅಂದ್ರು ಡಾಕ್ಟರ್. ವಾರದಲ್ಲಿ ವಾಸಿಯಾಯಿತು. ಆದರೆ ಅದೇ ಬೆಚ್ಚನೆ ನೀರಲ್ಲಿ ಲೀಜಿಯೊನೆಲ್ಲಾ ಕೂಡ ಬೆಳೆಯಬಹುದು. ಆವಿಯ ಜೊತೆ ಏಳುವ ಸಣ್ಣ ಹನಿಗಳು ಉಸಿರಿನಲ್ಲಿ ಒಳಹೋದರೆ ನ್ಯುಮೋನಿಯಾ ಬರಬಹುದು. ಮಂಡಿನೋವಿಗೆ ಒಳ್ಳೇದು ಅಂತ ಅಲ್ಲಿ ಕೂರೋದು ನಮ್ಮಪ್ಪನಂಥ ಹಿರಿಯರೇ.

ಈಜುಕೊಳಕ್ಕಿಂತ ಜಕುಜಿ ಬೇಗ ಕೆಡುತ್ತದೆ. ನೀರು ಕಮ್ಮಿ, ಜನ ಜಾಸ್ತಿ. ಶಾಖಕ್ಕೆ, ಬೆವರಿಗೆ ಕ್ಲೋರಿನ್ ಬೇಗ ಖರ್ಚಾಗುತ್ತೆ.

ನಾನು ನೋಡೋದು ಮೂರು ಅಂಕಿ. ಮೊದಲು ಆಲ್ಕಲಿನಿಟಿ, 80ರಿಂದ 120 ಪಿಪಿಎಂ. ಇದು ಸ್ಥಿರವಾಗಿಲ್ಲದಿದ್ದರೆ ಪಿಎಚ್ ಕುಣಿಯುತ್ತೆ. ಕಮ್ಮಿಯಿದ್ದರೆ ಅಡುಗೆ ಸೋಡಾ ಸಾಕು. ಆಮೇಲೆ ಪಿಎಚ್, 7.2ರಿಂದ 7.8. ಜೆಟ್ ಗಾಳಿ ಊದಿದಂತೆ ನೀರಿನಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ತಾನಾಗೇ ಏರುತ್ತದೆ. ಕೊನೆಗೆ ಕ್ಲೋರಿನ್, ಕನಿಷ್ಠ 3 ಪಿಪಿಎಂ. ಪಿಎಚ್ 8 ದಾಟಿದರೆ ಕ್ಲೋರಿನ್ ಇದ್ದರೂ ಅದರ ಬಹುಪಾಲು ಸೋಮಾರಿ.

ಇನ್ನೊಂದು ಮಾತು. ಕಣ್ಣುರಿಸುವ ಆ ಘಾಟು ವಾಸನೆ ಬಂದ್ರೆ ಕ್ಲೋರಿನ್ ಜಾಸ್ತಿಯಾಯ್ತು ಅಂತೀವಲ್ಲ? ಅದು ಸಾಮಾನ್ಯವಾಗಿ ಬೆವರು, ಮೂತ್ರದ ಜೊತೆ ಸೇರಿ ಕ್ಲೋರಮೈನ್ ಆಗಿರೋ ಕ್ಲೋರಿನ್. ಇಳಿಯೋ ಮುಂಚೆ ಸೋಪು ಹಾಕಿ ಸ್ನಾನ ಮಾಡಿ ಅನ್ನೋದು ಇದಕ್ಕೇ.

ಕಳೆದ ತಿಂಗಳು ಒಂದು ಶನಿವಾರ ಸಂಜೆ ಮಕ್ಕಳ ಬರ್ತ್‌ಡೇ ಪಾರ್ಟಿ ಇತ್ತು. ಸ್ಟ್ರಿಪ್‌ನಲ್ಲಿ ಪಿಎಚ್ 8.2, ಕ್ಲೋರಿನ್ ಹೆಚ್ಚುಕಮ್ಮಿ ಸೊನ್ನೆ. ಮುಚ್ಚಿ ಅಂದೆ. "ಸುಮ್ನೆ ಹೆದರಿಸ್ತೀರಾ" ಅಂತ ವಾಟ್ಸಾಪ್ ಗ್ರೂಪಿನಲ್ಲಿ ಮಾತು ಕೇಳಿದ್ದಾಯ್ತು. ಹುಡುಗ ಪಿಎಚ್ ಇಳಿಸುವ ಪುಡಿ ಹಾಕಿ, ಅದು ಕರಗಿ ಬೆರೆತ ಮೇಲೆ ಬೇರೆಯಾಗಿ ಕ್ಲೋರಿನ್ ಹಾಕಿದ. ಎರಡನ್ನೂ ಒಟ್ಟಿಗೆ ಬೆರೆಸಿದರೆ ವಿಷಾನಿಲ ಬರುತ್ತೆ. ಅಂಕಿ ಸರಿಹೋಗುವಷ್ಟರಲ್ಲಿ ಕೇಕ್ ಖಾಲಿ. ಆದರೆ ಪುಟ್ಟಿಯ ಅಮ್ಮ ಮಾತ್ರ ಪ್ರೈವೇಟಾಗಿ "ಥ್ಯಾಂಕ್ಸ್ ಅಕ್ಕ" ಅಂತ ಕಳಿಸಿದ್ದಳು.

ಈಗ ಜಕುಜಿ ಪಕ್ಕ ಒಂದು ಪುಸ್ತಕ ತೂಗುಹಾಕಿದ್ದೇವೆ: ತಾರೀಖು, ಸಮಯ, ಮೂರು ಅಂಕಿ. ಮುಂದಿನ ಸಲ ರೆಸಾರ್ಟಿಗೆ ಹೋದಾಗ ನೀವೂ ಅಂಥ ಪುಸ್ತಕ ಕೇಳಿ. ಇಲ್ಲ ಅಂದ್ರೆ ಬ್ಯಾಗಲ್ಲಿ ನಾಲ್ಕು ಸ್ಟ್ರಿಪ್ ಇಟ್ಕೊಳ್ಳಿ.